ಮಳೆಗಾಲದಲ್ಲಿ ಅಕ್ರಾ: ಹೊರಡುವ ಮೊದಲು, ಹೋದ ಮೇಲೆ, ಬಂದ ಮೇಲೆ

ಘಾನಾದ ರಾಜಧಾನಿ ಅಕ್ರಾಗೆ ಹೋಗುತ್ತೇನೆ ಅಂದರೆ ಎಲ್ಲರೂ ಹೇಳುವುದು ಡಿಸೆಂಬರ್‌ನಲ್ಲಿ ಹೋಗಿ ಅಂತ. ಆದರೆ ಕೆಲಸದ ಮೇಲೆ ಹೋಗುವವರಿಗೆ, ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಹೊರಡುವವರಿಗೆ ತಿಂಗಳು ಆರಿಸುವ ಅವಕಾಶ ಎಲ್ಲಿರುತ್ತದೆ? ಮೇ, ಜೂನ್‌ನಲ್ಲೇ ಟಿಕೆಟ್ ಸಿಗುತ್ತದೆ, ಆಗ ಅಲ್ಲಿ ಜೋರು ಮಳೆ. ಹಾಗಂತ ಹೋಗುವುದನ್ನೇ ಬಿಡಬೇಡಿ. ಅಕ್ರಾ ತನ್ನದೇ ಲಯದಲ್ಲಿ ಬದುಕುವುದು ಮಳೆಗಾಲದಲ್ಲೇ. ಹೊಸ ಮೆಕ್ಕೆಜೋಳ ಬರುತ್ತದೆ, ಊರಿನ ದೊಡ್ಡ ಹಬ್ಬಕ್ಕೆ ತಯಾರಿ ನಡೆಯುತ್ತದೆ, ಜಲಪಾತಗಳು ತುಂಬುತ್ತವೆ, ಸೆಕೆ ಇಳಿಯುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಕ್ರಾದಲ್ಲಿ ಬೀಳುವ ಮಳೆ ನಿಜಕ್ಕೂ ಜಾಸ್ತಿ ಅಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಬೆಂಗಳೂರಿಗಿಂತ ಕಡಿಮೆ. ಮಂಗಳೂರಿನಲ್ಲಿ 3,500 ಮಿಲಿಮೀಟರ್ ದಾಟುತ್ತದೆ, ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಅಕ್ರಾ ಇರುವುದು ಒಂದು ಒಣ ಪಟ್ಟಿಯಲ್ಲಿ. ತೊಂದರೆ ಕೊಡುವುದು ನೀರು ಹರಿದುಹೋಗಲು ಜಾಗ ಇಲ್ಲದ ತಗ್ಗುಗಳು. ಆದ್ದರಿಂದ ಎಲ್ಲಿ ಉಳಿದುಕೊಳ್ಳುತ್ತೀರಿ, ಯಾವ ಹೊತ್ತಿನಲ್ಲಿ ಯಾವ ರಸ್ತೆಯಲ್ಲಿ ಇರುತ್ತೀರಿ ಅನ್ನುವುದೇ ಮುಖ್ಯ. ಕೊಡೆ, ರೇನ್‌ಕೋಟ್ ಎಲ್ಲ ಆಮೇಲಿನ ಮಾತು.

1. ತಿಂಗಳು ಸರಿಯಾಗಿ ಅರ್ಥ ಮಾಡಿಕೊಳ್ಳಿ

ಅಕ್ರಾದಲ್ಲಿ ಮಳೆಗಾಲ ಎರಡು. ದೊಡ್ಡದು ಏಪ್ರಿಲ್‌ನಿಂದ ಜುಲೈ ತನಕ, ಜೂನ್‌ನಲ್ಲಿ ಅತಿ ಹೆಚ್ಚು. ಚಿಕ್ಕದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಇವೆರಡರ ನಡುವೆ ಆಗಸ್ಟ್ ಬರುತ್ತದೆ. ನಮಗೆ ಆಗಸ್ಟ್ ಅಂದರೆ ಮಳೆಯ ತಿಂಗಳು. ಅಲ್ಲಿ ಅದು ಮೋಡ ಕವಿದ, ತಂಪಾದ, ಹೆಚ್ಚುಕಡಿಮೆ ಒಣ ತಿಂಗಳು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಿನಿ ಕೊಲ್ಲಿಯ ತೀರದಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಸಮುದ್ರ ತಣ್ಣಗಾದರೆ ಅದರ ಮೇಲಿನ ಗಾಳಿಗೆ ಮೋಡ ಕಟ್ಟುವ ಬಲ ಕಡಿಮೆ. ಅದೇ ತಣ್ಣೀರಿನ ಜೊತೆ ಮೀನೂ ಬರುತ್ತದೆ.

ಹಾಗಾಗಿ ನಿಮಗೆ ಆಯ್ಕೆ ಇದ್ದರೆ ಜುಲೈ ಕೊನೆ ಅಥವಾ ಆಗಸ್ಟ್ ಹಿಡಿಯಿರಿ. ಹಸಿರು ಇರುತ್ತದೆ, ಜಲಪಾತದಲ್ಲಿ ನೀರಿರುತ್ತದೆ, ಪ್ರವಾಹದ ಭಯ ಕಡಿಮೆ. ಹಗಲಿನ ಬಿಸಿ 28 ಡಿಗ್ರಿ ಆಸುಪಾಸು. ಮಾರ್ಚ್‌ನಲ್ಲಿ ಇದೇ ಊರಿನಲ್ಲಿ 32, 33 ಡಿಗ್ರಿ ಸೆಕೆಯಲ್ಲಿ ಬೇಯಬೇಕು. ಕೆಲಸಕ್ಕಾಗಿ ಜೂನ್‌ನಲ್ಲೇ ಹೋಗಬೇಕಾದರೆ ಹೋಗಿ, ಆದರೆ ಪ್ರತಿ ದಿನದ ಯೋಜನೆಯಲ್ಲೂ ಅರ್ಧ ದಿನ ಖಾಲಿ ಇಟ್ಟುಕೊಳ್ಳಿ.

2. ಊರಿನಲ್ಲೇ ಮುಗಿಸಬೇಕಾದ ಕೆಲಸ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಘಾನಾ ವೀಸಾ ಬೇಕು. ಅವರ ಹೈಕಮಿಷನ್ ದೆಹಲಿಯಲ್ಲಿದೆ. ವೀಸಾಗಿಂತ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಘಾನಾದೊಳಗೆ ಕಾಲಿಡಲು ಆ ಕಾರ್ಡ್ ಕಡ್ಡಾಯ. ವಾಪಸ್ ಬರುವಾಗ ಭಾರತದಲ್ಲೂ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆಯೇ ಕಾರ್ಡ್‌ಗೆ ಬೆಲೆ ಬರುವುದು, ಆಮೇಲೆ ಜೀವನಪೂರ್ತಿ ಸಾಕು. ಇದನ್ನು ಎಲ್ಲ ಆಸ್ಪತ್ರೆಗಳಲ್ಲೂ ಕೊಡುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟ ಕೇಂದ್ರಗಳಲ್ಲಿ ಮಾತ್ರ. ಹೊರಡುವ ವಾರ ಓಡಾಡಿದರೆ ಆಗುವ ಕೆಲಸ ಅಲ್ಲ ಇದು, ಒಂದು ತಿಂಗಳ ಮುಂಚೆಯೇ ವಿಚಾರಿಸಿ.

ಮಲೇರಿಯಾ ವಿಷಯದಲ್ಲಿ ಉಡಾಫೆ ಬೇಡ. ಅಲ್ಲಿರುವುದು ಹೆಚ್ಚಾಗಿ ಫಾಲ್ಸಿಪಾರಂ, ಅಂದರೆ ಜೀವಕ್ಕೇ ಕುತ್ತು ತರುವ ಜಾತಿ. ಮಳೆಗಾಲದಲ್ಲಿ ಸೊಳ್ಳೆಯೂ ಜಾಸ್ತಿ. ನಮ್ಮಲ್ಲಿ ಹೆಸರುವಾಸಿಯಾದ ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ತಡೆಗಟ್ಟಲು ಸಾಮಾನ್ಯವಾಗಿ ಕೊಡುವುದು ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್. ಮೊದಲನೆಯದನ್ನು ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ಬಂದ ಮೇಲೆ 7 ದಿನ ಮುಂದುವರಿಸಬೇಕು. ಎರಡನೆಯದನ್ನು ಬಂದ ಮೇಲೂ 4 ವಾರ ನುಂಗಬೇಕು, ಅದರಿಂದ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಯಾವುದು ನಿಮಗೆ ಸರಿ ಅನ್ನುವುದನ್ನು ವೈದ್ಯರು ಹೇಳಲಿ. ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗದೆ ಇರಬಹುದು, ಮೊದಲೇ ಹೇಳಿ ತರಿಸಿಟ್ಟುಕೊಳ್ಳಿ. ಚೆನ್ನಾಗಿದ್ದೇನೆ ಅಂತ ಅರ್ಧಕ್ಕೆ ನಿಲ್ಲಿಸಬೇಡಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ ಅಥವಾ ದುಬೈ ಮೂಲಕ ಹೋಗುವುದು ಸುಲಭ.

3. ಪೆಟ್ಟಿಗೆಯಲ್ಲಿ ಏನಿರಬೇಕು

ತೆಳುವಾದ ರೇನ್‌ಕೋಟ್ ಇರಲಿ. ಮಳೆಗಿಂತ ಮುಂಚೆ ಬರುವ ಗಾಳಿಗೆ ಕೊಡೆ ತಿರುಗಿಕೊಳ್ಳುತ್ತದೆ. ಆದರೆ ಸೈನಿಕರ ಹಸಿರು-ಕಂದು ಮಚ್ಚೆಯ ರೇನ್‌ಕೋಟ್, ಟೋಪಿ, ಪ್ಯಾಂಟ್ ಯಾವುದೂ ಬೇಡ. ಘಾನಾದಲ್ಲಿ ಸಾಮಾನ್ಯ ಜನ ಆ ಬಟ್ಟೆ ಹಾಕುವಂತಿಲ್ಲ. ಟ್ರೆಕ್ಕಿಂಗ್ ಅಂಗಡಿಯಿಂದ ತಂದದ್ದು ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್. ಅಕ್ರಾದ ಜನ ಚಪ್ಪಲಿಯಲ್ಲೇ ಓಡಾಡುತ್ತಾರೆ ನಿಜ, ಆದರೆ ಹರಿಯುವ ನೀರಿನಲ್ಲಿ ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋಗುತ್ತದೆ. ಶೂ ಒದ್ದೆಯಾದರೆ ಆ ತೇವದಲ್ಲಿ ಒಣಗುವುದೇ ಇಲ್ಲ.

ಪವರ್ ಬ್ಯಾಂಕ್ ಮತ್ತು ಒಂದು ಟಾರ್ಚ್. ಗುಡುಗು ಮಳೆ ಬಂದರೆ ಕರೆಂಟ್ ಹೋಗುವುದು ಮಾಮೂಲು. ಕರೆಂಟ್ ಹೋಗಿ ಬರುವ ಈ ಆಟಕ್ಕೆ ಅಲ್ಲಿನವರು ಡುಮ್‌ಸೋರ್ ಅನ್ನುತ್ತಾರೆ, ರಾಜಕೀಯ ಭಾಷಣದಲ್ಲೂ ಈ ಮಾತು ಬರುತ್ತದೆ. ಗೋಡೆಯ ಸಾಕೆಟ್ ಹೆಚ್ಚಿನ ಕಡೆ ಬ್ರಿಟಿಷ್ ಮಾದರಿಯ ಮೂರು ಚೌಕ ಪಿನ್ನಿನದು, ಅದಕ್ಕೆ ಅಡಾಪ್ಟರ್ ಬೇಕು. ವೋಲ್ಟೇಜ್ ನಮ್ಮದೇ, 230.

ಸೊಳ್ಳೆಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮ್, ಸಂಜೆಗೆ ಉದ್ದ ತೋಳಿನ ಹತ್ತಿ ಅಂಗಿ, ಓಆರ್‌ಎಸ್ ಪುಡಿ, ಪಾಸ್‌ಪೋರ್ಟ್ ಇಡಲು ನೀರು ಹೋಗದ ಚೀಲ. ಇಷ್ಟು ಸಾಕು.

4. ಉಳಿಯುವ ಜಾಗ: ಇಲ್ಲಿ ಸಮಯ ಕೊಡಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುವಿರಾದರೆ ಇದನ್ನು ಓದಿ.

ಅಕ್ರಾದ ಉತ್ತರಕ್ಕೆ ಅಕ್ವಾಪಿಮ್ ಬೆಟ್ಟಸಾಲು ಇದೆ. ದಕ್ಷಿಣಕ್ಕೆ ಸಮುದ್ರ. ನಡುವೆ ಓಡಾ ಅನ್ನುವ ನದಿ ಊರಿನ ಮಧ್ಯದಲ್ಲೇ ಹರಿದು, ಕೋರ್ಲೆ ಹಿನ್ನೀರಿಗೆ ಸೇರಿ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ. ನದಿ ಅಂದರೆ ಈಗ ಅದು ಕಾಂಕ್ರೀಟ್ ಗೋಡೆಗಳ ನಡುವಿನ ದೊಡ್ಡ ಕಾಲುವೆ. ಅದರಲ್ಲಿ ಹೂಳು ತುಂಬಿದೆ, ಪ್ಲಾಸ್ಟಿಕ್ ತುಂಬಿದೆ, ಪಕ್ಕದಲ್ಲೇ ಮನೆ, ಅಂಗಡಿ, ಮಾರುಕಟ್ಟೆ ಬೆಳೆದಿವೆ. ಮಳೆ ಜೋರಾಗಿ ಬಿದ್ದರೆ ನೀರು ದಡ ಮೀರುತ್ತದೆ. ಅಲಾಜೊ, ಅವೆನಾರ್, ಕ್ವಾಮೆ ಎನ್‌ಕ್ರುಮಾ ಸರ್ಕಲ್ ಸುತ್ತಮುತ್ತ ನೀರು ನಿಲ್ಲುವುದು ಇದರಿಂದ. ಪಶ್ಚಿಮಕ್ಕೆ ಕನೇಶಿ ಮಾರುಕಟ್ಟೆಯ ಮುಂದಿನ ರಸ್ತೆ, ಇನ್ನೂ ಆಚೆ ಮಲ್ಲಮ್, ವೇಜಾ ಕೂಡ ತಗ್ಗು. ವೇಜಾದಲ್ಲಿ ಒಂದು ಅಣೆಕಟ್ಟು ಇದೆ. ಅದು ತುಂಬಿ ಗೇಟು ತೆಗೆದರೆ ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗುತ್ತದೆ.

ಇನ್ನೊಂದು ಮುಖ್ಯವಾದ ಮಾತು. ನೀವು ನಿಂತ ಜಾಗದಲ್ಲಿ ಮಳೆ ನಿಂತಿರಬಹುದು, ಆಕಾಶ ತಿಳಿಯಾಗಿರಬಹುದು. ಆದರೆ ಉತ್ತರದ ಬೆಟ್ಟದ ಕಡೆ ಬಿದ್ದ ನೀರು ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಬರುತ್ತದೆ. ಸರ್ಕಲ್ ಹತ್ತಿರ ಓಡಾ ಏರುವುದು ಹೀಗೆ. ಮಳೆ ಬಿಟ್ಟಿತು ಅಂತ ಕೂಡಲೇ ಹೊರಡಬೇಡಿ.

ಹಾಗಾದರೆ ಎಲ್ಲಿ ಉಳಿಯಬೇಕು? ರಿಡ್ಜ್, ಕ್ಯಾಂಟೋನ್ಮೆಂಟ್ಸ್, ಏರ್‌ಪೋರ್ಟ್ ರೆಸಿಡೆನ್ಶಿಯಲ್, ಲಬೋನೆ, ಒಸು. ಇವು ಹೆಚ್ಚುಕಡಿಮೆ ಎತ್ತರದ ಜಾಗಗಳು, ವಿಮಾನ ನಿಲ್ದಾಣಕ್ಕೂ ದೂರ ಇಲ್ಲ. ಬೆಲೆ ಸ್ವಲ್ಪ ಜಾಸ್ತಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಒಸು. ಊಟದ ಜಾಗಗಳು ನಡೆಯುವಷ್ಟು ಹತ್ತಿರ, ಮಳೆ ಬಂದರೆ ಗಾಡಿ ಸಿಗದಿದ್ದರೂ ಹೊಟ್ಟೆಗೆ ತೊಂದರೆ ಇಲ್ಲ. ಕೊಫೊರಿಡುವಾ ರಸ್ತೆಗೋ ಕಸೋವಾ ಕಡೆಗೋ ಕಡಿಮೆ ಬಾಡಿಗೆಯ ಮನೆ ಸಿಕ್ಕಿತು ಅಂತ ಜೂನ್‌ನಲ್ಲಿ ದೂರ ಹೋಗಬೇಡಿ. ಉಳಿಸಿದ ದುಡ್ಡು ಟ್ರಾಫಿಕ್‌ನಲ್ಲೇ ಹೋಗುತ್ತದೆ.

ಬುಕ್ ಮಾಡುವ ಮುಂಚೆ ಮನೆಯವರಿಗೆ ಅಥವಾ ಹೋಟೆಲಿನವರಿಗೆ ಮೆಸೇಜ್ ಹಾಕಿ ಮೂರು ಪ್ರಶ್ನೆ ಕೇಳಿ. ಕಳೆದ ಜೂನ್‌ನಲ್ಲಿ ನಿಮ್ಮ ಗೇಟಿನ ಮುಂದೆ ನೀರು ನಿಂತಿತ್ತಾ? ಮುಖ್ಯ ರಸ್ತೆಯಿಂದ ಮನೆವರೆಗೆ ಟಾರ್ ಇದೆಯಾ, ಕೆಂಪು ಮಣ್ಣಾ? ಜನರೇಟರ್ ಇದೆಯಾ? ಉತ್ತರ ನೇರವಾಗಿ ಬರದಿದ್ದರೆ ಬೇರೆ ನೋಡಿ. ಕೋಣೆ ನೆಲಮಹಡಿಯಲ್ಲಿ ಬೇಡ, ಕಿಟಕಿಗೆ ಸೊಳ್ಳೆ ಜಾಲರಿ ಇರಲೇಬೇಕು.

5. ಮಳೆ ಬರುವುದನ್ನು ಓದಲು ಕಲಿಯಿರಿ

ಫೋನಿನ ಹವಾಮಾನ ಆ್ಯಪ್ ಜೂನ್ ಪೂರ್ತಿ ಗುಡುಗಿನ ಚಿತ್ರವನ್ನೇ ತೋರಿಸುತ್ತದೆ. ಅದನ್ನು ನಂಬಿದರೆ ಕೋಣೆಯಿಂದ ಹೊರಗೇ ಬರಲಾಗದು. ಘಾನಾ ಹವಾಮಾನ ಸಂಸ್ಥೆ ಜಿಮೆಟ್ ಸೋಷಿಯಲ್ ಮೀಡಿಯಾದಲ್ಲಿ ಎಚ್ಚರಿಕೆ ಹಾಕುತ್ತದೆ, ಅದನ್ನು ನೋಡಿ. ಉಳಿದದ್ದಕ್ಕೆ ನಿಮ್ಮ ಕಣ್ಣು ಸಾಕು.

ನಮ್ಮ ಮುಂಗಾರು ಪಶ್ಚಿಮದ ಸಮುದ್ರದಿಂದ ಬರುತ್ತದೆ ಅಲ್ವಾ? ಅಲ್ಲಿ ಗುಡುಗಿನ ಬಿರುಮಳೆ ಹೆಚ್ಚಾಗಿ ಬರುವುದು ಪೂರ್ವದಿಂದ, ಟೋಗೊ ಮತ್ತು ಬೆನಿನ್ ಕಡೆಯಿಂದ, ಸಾಲುಗಟ್ಟಿದ ಮೋಡವಾಗಿ. ಏಪ್ರಿಲ್, ಮೇಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಗಾಳಿ ನಿಂತು ಉಸಿರುಕಟ್ಟಿದ ಹಾಗೆ ಸೆಕೆ. ಪೂರ್ವದಲ್ಲಿ ಗಾಢ ನೀಲಿ ಗೋಡೆ. ಆಮೇಲೆ ಥಟ್ಟನೆ ತಣ್ಣನೆ ಗಾಳಿ, ಅದರ ಜೊತೆ ಧೂಳು, ಪ್ಲಾಸ್ಟಿಕ್ ಚೀಲ, ತಗಡಿನ ಸದ್ದು. ಮಕೋಲಾ ಮಾರುಕಟ್ಟೆಯಲ್ಲಿ ನಿಂತಿದ್ದರೆ ವ್ಯಾಪಾರ ಮಾಡುವ ಹೆಂಗಸರನ್ನು ನೋಡುತ್ತಿರಿ. ಮೊದಲ ಹನಿ ಬೀಳುವ ಮುಂಚೆಯೇ ಅವರ ಕೈ ಸ್ಟೂಲಿನ ಕೆಳಗೆ ಹೋಗಿ ಮಡಚಿಟ್ಟ ಪ್ಲಾಸ್ಟಿಕ್ ಹಾಳೆ ತೆಗೆಯುತ್ತದೆ. ಬಟ್ಟೆಯ ಥಾನುಗಳು ಒಂದೇ ನಿಮಿಷದಲ್ಲಿ ಮರೆಯಾಗುತ್ತವೆ. ಮಾತಾಡುತ್ತಲೇ, ಚೌಕಾಸಿ ನಿಲ್ಲಿಸದೆ ಇದನ್ನು ಮಾಡುತ್ತಾರೆ. ಅವರು ಹಾಳೆ ಎಳೆದರೆ ನೀವೂ ಸೂರು ಹುಡುಕಿ.

ಜೂನ್‌ನ ಮಳೆ ಸ್ವಲ್ಪ ಬೇರೆ. ರಾತ್ರಿ ಅಥವಾ ಬೆಳಗಿನ ಜಾವ ಶುರುವಾಗಿ ಗಂಟೆಗಟ್ಟಲೆ ಹೊಡೆಯಬಹುದು. ಅಂಥ ಬೆಳಿಗ್ಗೆ ಇಡೀ ಊರೇ ತಡವಾಗಿ ಎದ್ದೇಳುತ್ತದೆ. ಆಫೀಸಿನವರು ತಡವಾಗಿ ಬರುತ್ತಾರೆ, ಮೀಟಿಂಗ್ ಮುಂದೆ ಹೋಗುತ್ತದೆ, ಅದಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. ನೀವೂ ಹೊರಡಬೇಡಿ. ಮೆಸೇಜ್ ಕಳಿಸಿ ಕಾಯಿರಿ.

6. ಮಳೆಯಲ್ಲಿ ಸಿಕ್ಕಿಹಾಕಿಕೊಂಡರೆ

2015ರ ಜೂನ್ 3ರ ರಾತ್ರಿಯನ್ನು ಅಕ್ರಾ ಮರೆತಿಲ್ಲ. ದೊಡ್ಡ ಮಳೆ, ಸರ್ಕಲ್ ಪ್ರದೇಶ ಪೂರ್ತಿ ನೀರು. ಜನ ಒಂದು ಪೆಟ್ರೋಲ್ ಬಂಕಿನ ಸೂರಿನ ಕೆಳಗೆ ನಿಂತಿದ್ದರು. ನೀರಿನ ಮೇಲೆ ಇಂಧನ ತೇಲಿ ಹರಡಿತು, ಬೆಂಕಿ ಹತ್ತಿಕೊಂಡಿತು. ಪ್ರವಾಹ ಮತ್ತು ಬೆಂಕಿ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. ಪ್ರತಿ ವರ್ಷ ಜೂನ್ 3 ಬಂದಾಗ ಅಲ್ಲಿನವರು ಆ ಮಾತು ತೆಗೆಯುತ್ತಾರೆ. ಆದ್ದರಿಂದ ನೀರು ಏರುತ್ತಿರುವಾಗ ಪೆಟ್ರೋಲ್ ಬಂಕ್ ಆಸರೆಯ ಜಾಗ ಅಲ್ಲ. ಮಹಡಿ ಇರುವ ಕಟ್ಟಡ, ಬ್ಯಾಂಕು, ಚರ್ಚು, ಮಾಲ್, ಯಾವುದಾದರೂ ಸರಿ, ಒಳಗೆ ಹೋಗಿ. ಮಳೆಗೆ ನಿಂತವರನ್ನು ಅಲ್ಲಿ ಯಾರೂ ಹೊರಗೆ ಕಳಿಸುವುದಿಲ್ಲ.

ನಿಂತ ನೀರಿನಲ್ಲಿ ನಡೆಯಬೇಡಿ. ಅಕ್ರಾದ ರಸ್ತೆಗಳ ಪಕ್ಕದಲ್ಲಿ ಆಳವಾದ ಕಾಂಕ್ರೀಟ್ ಮೋರಿಗಳಿವೆ. ಅನೇಕ ಕಡೆ ಮುಚ್ಚಳ ಇಲ್ಲ. ಒಣ ದಿನ ಅವು ಕಣ್ಣಿಗೆ ಕಾಣುತ್ತವೆ, ಜನ ದಾಟಿಕೊಂಡು ಹೋಗುತ್ತಾರೆ. ರಸ್ತೆ ತುಂಬಿ ಕಂದು ನೀರು ಒಂದೇ ಮಟ್ಟಕ್ಕೆ ಬಂದಾಗ ರಸ್ತೆ ಎಲ್ಲಿ ಮುಗಿದು ಮೋರಿ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಒಳಗೆ ನೀರಿನ ಸೆಳೆತ ಬೇರೆ. ಬಂದ ಮೊದಲ ದಿನ ಒಣಗಿರುವಾಗಲೇ ನಿಮ್ಮ ಹೋಟೆಲಿನ ಸುತ್ತ ಒಂದು ಸಲ ನಡೆದು ಮೋರಿಗಳು ಎಲ್ಲಿವೆ ಅಂತ ನೋಡಿಟ್ಟುಕೊಳ್ಳಿ. ತಂತಿ ಬಿದ್ದ ಕಡೆ ಹೋಗಲೇಬೇಡಿ.

ಕಾರಿನಲ್ಲಿದ್ದರೆ, ಮುಂದಿನ ಗಾಡಿಗಳು ಯೂಟರ್ನ್ ಹೊಡೆಯುತ್ತಿದ್ದರೆ ನಿಮ್ಮ ಡ್ರೈವರ್‌ಗೂ ತಿರುಗಿಸಲು ಹೇಳಿ. ಬಾಡಿಗೆ ಜಾಸ್ತಿ ಆದರೂ ಪರವಾಗಿಲ್ಲ ಅಂತ ಬಾಯಿಬಿಟ್ಟು ಹೇಳಿ. ಎಷ್ಟೋ ಡ್ರೈವರ್‌ಗಳು ನೀರಿಗೆ ಇಳಿಸುವುದು ಸುತ್ತು ಹಾಕಿದ ದುಡ್ಡು ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆಯಿಂದ. ತುರ್ತು ನಂಬರ್ 112. ಆಂಬುಲೆನ್ಸ್‌ಗೆ 193, ಅಗ್ನಿಶಾಮಕಕ್ಕೆ 192, ಪೊಲೀಸರಿಗೆ 191.

7. ಓಡಾಟ

ಊಬರ್, ಬೋಲ್ಟ್, ಯಾಂಗೊ ಮೂರೂ ಇವೆ. ಮಳೆ ಶುರುವಾದ ಕೂಡಲೇ ದರ ಏರುತ್ತದೆ, ಬುಕಿಂಗ್ ಕ್ಯಾನ್ಸಲ್ ಆಗುತ್ತದೆ. ಮೋಡ ಕಂಡಾಗಲೇ ಬುಕ್ ಮಾಡಿ, ಇಲ್ಲವಾದರೆ ಮಳೆ ನಿಂತು ಒಂದು ಗಂಟೆ ಬಿಟ್ಟು ಮಾಡಿ. ನಡುವಿನ ಹೊತ್ತು ಸುಮ್ನೆ ಪರದಾಟ.

ಜನಸಾಮಾನ್ಯರ ಗಾಡಿ ಟ್ರೋಟ್ರೋ, ಹಳೆಯ ಮಿನಿಬಸ್ಸು. ಕಂಡಕ್ಟರ್‌ನನ್ನು ಮೇಟ್ ಅನ್ನುತ್ತಾರೆ. ಅವನು ಬಾಗಿಲಲ್ಲಿ ನೇತಾಡುತ್ತಾ ಸರ್ಕಲ್‌ಗೆ ಹೋಗುವವರನ್ನು 'ಸರ್ಕ್ ಸರ್ಕ್ ಸರ್ಕ್' ಅಂತ ಕರೆಯುತ್ತಾನೆ. ಬಹಳ ಅಗ್ಗ, ಜನರ ಜೊತೆ ಮಾತು ಬೆಳೆಯುತ್ತದೆ. ಒಣ ದಿನ ಖಂಡಿತ ಹತ್ತಿ. ಮಳೆಯಲ್ಲಿ ಕಿಟಕಿ ಮುಚ್ಚಿ ಒಳಗೆ ಉಸಿರಾಡಲು ಕಷ್ಟ. ದುಡ್ಡನ್ನು ಬಲಗೈಯಿಂದ ಕೊಡಿ. ಎಡಗೈ ಮುಂದೆ ಮಾಡುವುದು ನಮ್ಮಲ್ಲಿ ಹೇಗೋ ಅಲ್ಲೂ ಹಾಗೆಯೇ, ಸರಿ ಅಲ್ಲ. ಬೈಕ್ ಟ್ಯಾಕ್ಸಿ ಒಕಾಡಾ ಮಳೆಯಲ್ಲಿ ಬೇಡವೇ ಬೇಡ.

ವಾಪಸ್ ವಿಮಾನ ಹಿಡಿಯುವ ದಿನ ಕಸೋವಾ, ಕನೇಶಿ ಕಡೆಯಿಂದ ಬರುವುದಿದ್ದರೆ ಹಿಂದಿನ ರಾತ್ರಿಯೇ ವಿಮಾನ ನಿಲ್ದಾಣದ ಹತ್ತಿರ ಬಂದು ಉಳಿದುಕೊಳ್ಳಿ.

ಹಣದ ವಿಷಯ ಚಿಕ್ಕದು. ನಾಣ್ಯ ಸೆಡಿ. ವೀಸಾ ಕಾರ್ಡ್ ಎಟಿಎಂಗಳಲ್ಲಿ ನಡೆಯುತ್ತದೆ. ಸಣ್ಣ ಅಂಗಡಿಯವರು ಮೊಬೈಲ್ ಮನಿ ಕೇಳುತ್ತಾರೆ, ಕರೆಂಟ್ ಮತ್ತು ನೆಟ್‌ವರ್ಕ್ ಹೋದ ದಿನಕ್ಕೆ ಕೈಯಲ್ಲಿ ನೋಟು ಇರಲಿ.

8. ಊಟ, ನೀರು

2014ರಲ್ಲಿ ಘಾನಾದಲ್ಲಿ ಕಾಲರಾ ಹಬ್ಬಿ 28 ಸಾವಿರಕ್ಕೂ ಹೆಚ್ಚು ಜನರಿಗೆ ಬಂದಿತ್ತು, ಅಕ್ರಾ ಅದರ ಕೇಂದ್ರವಾಗಿತ್ತು. ಮೋರಿ ನೀರು ಕುಡಿಯುವ ನೀರಿಗೆ ಸೇರುವ ಕಾಲ ಇದು. ಹಾಗಾಗಿ ಬಾಟಲಿ ನೀರು ಮಾತ್ರ, ಹಸಿ ಸಲಾಡ್ ಬೇಡ, ಐಸ್ ಬೇಡ. ಬೀದಿಯ ಊಟ ಬಿಡಬೇಕಾಗಿಲ್ಲ. ಕಣ್ಣ ಮುಂದೆ ಬೆಂಕಿಯಿಂದ ಇಳಿದದ್ದನ್ನು ತಿನ್ನಿ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕು, ಆದರೆ ಉಪವಾಸ ಬೀಳುವುದಿಲ್ಲ. ವಾಚೆ ಅನ್ನುವುದು ಅಕ್ಕಿ ಮತ್ತು ಅಲಸಂದೆ ಜೊತೆಗೆ ಬೇಯಿಸಿದ ಅನ್ನ, ಕೆಂಪು ಜೋಳದ ಎಲೆ ಹಾಕಿ ಕಂದುಗೆಂಪು ಬಣ್ಣ ಬರಿಸುತ್ತಾರೆ. ಅನ್ನ ಸಸ್ಯಾಹಾರವೇ, ಮೇಲೆ ಸುರಿಯುವ ಸಾರಿನಲ್ಲಿ ಮೀನೋ ಮಾಂಸವೋ ಇರುತ್ತದೆ. ಬರೀ ಅನ್ನ, ಕರಿದ ಬಾಳೆ ಕೇಳಿ. ಷಿಟೋ ಅನ್ನುವ ಕಪ್ಪು ಖಾರದ ಚಟ್ನಿಯಲ್ಲಿ ಒಣ ಮೀನು, ಸೀಗಡಿ ಪುಡಿ ಇರುತ್ತದೆ. ಜೊಲ್ಲೋಫ್ ಅನ್ನವನ್ನು ಹೆಚ್ಚಾಗಿ ಮಾಂಸದ ರಸದಲ್ಲೇ ಮಾಡುತ್ತಾರೆ. ಕೆಂಕೆ ಅಂದರೆ ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು, ನಮ್ಮ ಎಲೆ ಕಡುಬಿನ ಹಾಗೆ ಬಿಸಿಬಿಸಿಯಾಗಿ ಬಿಚ್ಚಿ ತಿನ್ನಬೇಕು. ಸಂಜೆ ಹೊತ್ತು ಶುಂಠಿ, ಮೆಣಸು ಹಚ್ಚಿ ಕರಿದ ಬಾಳೆಹಣ್ಣು, ಕೆಲೆವೆಲೆ, ತಿನ್ನದೆ ಬರಬೇಡಿ.

ಮಳೆಗಾಲದ ನಿಜವಾದ ತಿಂಡಿ ಹೊಸ ಮೆಕ್ಕೆಜೋಳ. ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಸುಟ್ಟು, ಜೊತೆಗೆ ಒಂದು ಚೂರು ತೆಂಗಿನಕಾಯಿ ಕೊಡುತ್ತಾರೆ. ಜೋಳ ಒಂದು ಕಚ್ಚು, ಕಾಯಿ ಒಂದು ಕಚ್ಚು. ಬೆಣ್ಣೆಹಣ್ಣಿನ ಕಾಲವೂ ಇದೇ, ಅಲ್ಲಿ ಅದನ್ನು ಪೇರ್ ಅಂತಲೇ ಕರೆಯುತ್ತಾರೆ.

9. ಹಬ್ಬ ಮತ್ತು ಮೌನದ ತಿಂಗಳು

ಅಕ್ರಾ ಮೂಲತಃ ಗಾ ಜನರ ಊರು. ಮಳೆ ಶುರುವಾಗುವ ಹೊತ್ತಿಗೆ ಅವರು ಹಬ್ಬದ ಜೋಳ ಬಿತ್ತುತ್ತಾರೆ. ಅದಾದ ಮೇಲೆ, ಸಾಮಾನ್ಯವಾಗಿ ಮೇ-ಜೂನ್‌ನಲ್ಲಿ, ಸುಮಾರು ಒಂದು ತಿಂಗಳು ಡೋಲು ಬಡಿಯುವಂತಿಲ್ಲ, ಜೋರು ಸದ್ದು ಮಾಡುವಂತಿಲ್ಲ. ಚರ್ಚು, ಬಾರು, ಮೆರವಣಿಗೆ ಎಲ್ಲದಕ್ಕೂ ಇದು ಅನ್ವಯಿಸುತ್ತದೆ. ಒಂದೊಂದು ಗಾ ಪಟ್ಟಣದ ದಿನಾಂಕ ಬೇರೆ ಬೇರೆ. ನೀವು ಸಂಗೀತ ಕಾರ್ಯಕ್ರಮ ನೋಡಲೆಂದೇ ಹೋಗುವುದಾದರೆ ಮೊದಲೇ ವಿಚಾರಿಸಿ. ಇದನ್ನು ಅಡಚಣೆ ಅಂದುಕೊಳ್ಳಬೇಡಿ. ಬೆಳೆ ಕಣ್ಣು ಬಿಡುವ ತನಕ ಊರೇ ದನಿ ತಗ್ಗಿಸಿಕೊಂಡಿರುತ್ತದೆ, ಅದಕ್ಕೆ ಮರ್ಯಾದೆ ಕೊಡಿ.

ನಿಷೇಧ ಮುಗಿದ ಮೇಲೆ, ಆಗಸ್ಟ್ ಹೊತ್ತಿಗೆ, ಹೊಮೊವೊ ಹಬ್ಬ. ಹಿಂದೆ ಬಂದ ಬರಗಾಲ ನೆನೆದು ಹಸಿವನ್ನು ಅಣಕಿಸುವ ಹಬ್ಬ ಇದು. ಮೆಕ್ಕೆಜೋಳದ ಹಿಟ್ಟು ಮತ್ತು ತಾಳೆ ಎಣ್ಣೆಯ ಕ್ಪೊಕ್ಪೊಯ್ ಅನ್ನುವ ಅಡುಗೆಯನ್ನು ಮುಖ್ಯಸ್ಥರು ಬೀದಿಯಲ್ಲಿ ನಡೆಯುತ್ತಾ ಪೂರ್ವಜರಿಗೆಂದು ಚೆಲ್ಲುತ್ತಾರೆ. ಹಳೆಯ ಜೇಮ್ಸ್‌ಟೌನ್ ಪ್ರದೇಶದಲ್ಲಿ ಇದನ್ನು ನೋಡಬಹುದು. ಫೋಟೊ ತೆಗೆಯುವ ಮುಂಚೆ ಕೇಳಿ. ಇದೇ ಜೇಮ್ಸ್‌ಟೌನ್‌ನಲ್ಲಿ ದೀಪಸ್ತಂಭ, ಹಳೆಯ ಕೋಟೆಗಳು, ಬಣ್ಣದ ದೋಣಿಗಳ ಬಂದರು ಇವೆ. ಮಂಗಳವಾರ ಹೋದರೆ ದೋಣಿಗಳೆಲ್ಲ ದಡದಲ್ಲೇ ಇರುತ್ತವೆ, ಅವತ್ತು ಗಾ ಮೀನುಗಾರರು ಕಡಲಿಗೆ ಇಳಿಯುವುದಿಲ್ಲ. ಬಲೆ ಹೆಣೆಯುತ್ತಾ ಕೂತವರ ಜೊತೆ ಮಾತಾಡಲು ಒಳ್ಳೆಯ ದಿನ.

10. ಒದ್ದೆ ದಿನಕ್ಕೆ, ಒಣ ದಿನಕ್ಕೆ

ಮಳೆ ದಿನಕ್ಕೆ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1957ರ ಮಾರ್ಚ್ 5ರಂದು, ಸ್ವಾತಂತ್ರ್ಯದ ಹಿಂದಿನ ದಿನ ತೆರೆದದ್ದು, ಬಹುಕಾಲ ಮುಚ್ಚಿದ್ದು 2022ರಲ್ಲಿ ಮತ್ತೆ ತೆರೆಯಿತು. ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಸ್ವಾತಂತ್ರ್ಯ ಘೋಷಿಸಿದ ಮೈದಾನದಲ್ಲಿ ಈಗ ಅವರ ಸಮಾಧಿ ಮತ್ತು ಮ್ಯೂಸಿಯಂ ಇದೆ. ತೆರೆದ ಜಾಗ ಜಾಸ್ತಿ, ಮಳೆ ಬಿಟ್ಟ ಹೊತ್ತಿಗೆ ಹೋಗಿ. ಡು ಬೋಯ್ಸ್ ಕೇಂದ್ರ ಚಿಕ್ಕದು. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಡು ಬೋಯ್ಸ್ 1963ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಒಡೋರ್ಕೊರ್‌ನಲ್ಲಿ ಆಫ್ರಿಕಾದ ಹಿಂದೂ ಮಠ ಇದೆ. ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ 1975ರಲ್ಲಿ ಇದನ್ನು ಶುರು ಮಾಡಿದರು. ಅವರು 2016ರಲ್ಲಿ ತೀರಿಕೊಂಡರು, ಮಠ ನಡೆಯುತ್ತಿದೆ. ಘಾನಾದ ಜನ ಭಜನೆ ಹಾಡುವುದನ್ನು ಕೇಳಿದರೆ ಮನಸ್ಸು ತುಂಬುತ್ತದೆ. ಒಂದೇ ತೊಂದರೆ, ದಾರಿ ಕನೇಶಿಯ ಮೇಲೆ ಹೋಗುತ್ತದೆ. ಒಣ ಬೆಳಿಗ್ಗೆ ಹೋಗಿ, ಮಧ್ಯಾಹ್ನದೊಳಗೆ ತಿರುಗಿ ಬನ್ನಿ.

ಊರಿನ ಹೊರಗೆ ಹೋಗುವುದಾದರೆ ಅಬುರಿ ಸಸ್ಯೋದ್ಯಾನ ಹತ್ತಿರ. 1890ರಲ್ಲಿ ಶುರುವಾದದ್ದು, ಬೆಟ್ಟದ ಮೇಲಿದೆ, ಮಳೆಗಾಲದಲ್ಲಿ ಮಂಜು ಹಾದುಹೋಗುತ್ತದೆ. ಕೊಫೊರಿಡುವಾ ಹತ್ತಿರದ ಬೋಟಿ ಜಲಪಾತ ಬೇಸಿಗೆಯಲ್ಲಿ ಸೊರಗಿರುತ್ತದೆ, ಈಗ ಎರಡೂ ಕವಲು ಧುಮುಕುತ್ತವೆ. ಕೆಳಗಿಳಿಯುವ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಕೈಹಿಡಿ ಬಿಡಬೇಡಿ. ಕೇಪ್ ಕೋಸ್ಟ್ ಕೋಟೆ ಮತ್ತು ಕಾಕುಮ್ ಕಾಡಿನ ತೂಗುಸೇತುವೆಗೆ ಒಂದು ರಾತ್ರಿ ಉಳಿಯುವ ಹಾಗೆ ಹೋಗಿ, ಬೆಳಿಗ್ಗೆ ಗೇಟು ತೆರೆದ ಕೂಡಲೇ ಸೇತುವೆ ಹತ್ತಿ. ಗುಡುಗಿದರೆ ಮೇಲೆ ಹೋಗಬೇಡಿ. ಉತ್ತರದ ಮೋಲೆ ಅಭಯಾರಣ್ಯವನ್ನು ಬೇರೆ ಸಲಕ್ಕೆ ಇಡಿ. ಮಳೆಯಲ್ಲಿ ಹುಲ್ಲು ಆಳೆತ್ತರ ಬೆಳೆದು ಆನೆಗಳೂ ಕಣ್ಣಿಗೆ ಬೀಳುವುದು ಕಷ್ಟ.

ಲಬಾಡಿ ಕಡಲತೀರದಲ್ಲಿ ನಡೆಯಿರಿ, ಈಜಬೇಡಿ. ಸೆಳೆತ ಬಲವಾದದ್ದು.

11. ಒಗೆದ ಬಟ್ಟೆ

ಇದನ್ನು ಪ್ರವಾಸದ ಪುಸ್ತಕಗಳಲ್ಲಿ ಕೊನೆಯಲ್ಲೆಲ್ಲೋ ಬರೆದಿರುತ್ತಾರೆ. ಟುಂಬು ಅನ್ನುವ ನೊಣ ಹೊರಗೆ ಒಣಹಾಕಿದ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಇಡುತ್ತದೆ. ಬಟ್ಟೆ ಹಾಕಿಕೊಂಡಾಗ ಮರಿಹುಳ ಚರ್ಮದೊಳಗೆ ಸೇರಿ ಕುರುವಿನ ಹಾಗೆ ಊದುತ್ತದೆ. ಪರಿಹಾರ ಸುಲಭ: ಬಟ್ಟೆ ಕೋಣೆಯೊಳಗೇ ಒಣಗಿಸಿ, ಹೊರಗೆ ಒಣಗಿಸಿದ್ದನ್ನು ಹೊಲಿಗೆ ಸಮೇತ ಎರಡೂ ಬದಿ ಬಿಸಿ ಇಸ್ತ್ರಿ ಹಾಕಿ. ಒಳ ಉಡುಪಿಗೂ ಇಸ್ತ್ರಿ ಬೇಕು. ಹೋಟೆಲ್ ಲಾಂಡ್ರಿಗೆ ಕೊಡುವಾಗಲೂ ಇದನ್ನು ಹೇಳಿ.

12. ವಾಪಸ್ ಬಂದ ಮೇಲೆ

ಹಳದಿ ಜ್ವರದ ಕಾರ್ಡನ್ನು ಪೆಟ್ಟಿಗೆಯಲ್ಲಿ ಹಾಕಬೇಡಿ, ಪಾಸ್‌ಪೋರ್ಟ್ ಜೊತೆ ಕೈಯಲ್ಲಿರಲಿ. ಮಲೇರಿಯಾ ಮಾತ್ರೆಯ ಉಳಿದ ದಿನಗಳನ್ನು ಮುಗಿಸಿ. ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ, ಮಾತ್ರೆ ಸರಿಯಾಗಿ ನುಂಗಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲೇ ಹೇಳಬೇಕಾದ ಮಾತು: ಪಶ್ಚಿಮ ಆಫ್ರಿಕಾದಿಂದ ಬಂದಿದ್ದೇನೆ, ಫಾಲ್ಸಿಪಾರಂ ಪರೀಕ್ಷೆ ಮಾಡಿ. ಹೇಳದಿದ್ದರೆ ಇಲ್ಲಿನ ವೈದ್ಯರು ಡೆಂಗಿ, ಟೈಫಾಯ್ಡ್ ಕಡೆ ನೋಡುತ್ತಾ ಕೂರಬಹುದು. ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮರುದಿನ ಮತ್ತೆ ಮಾಡಿಸಿ.